ಒಣಗಿಸಬಾರದ ಬೀಜ

ಆ ಮೇ ತಿಂಗಳು ಅಕ್ಕ ಹೂವಿಗೆ ಬ್ರಷ್ ಹಿಡಿದದ್ದು ಕುರ್ಚಿಯ ಮೇಲೆ ಕೂತು. ಹಿತ್ತಿಲಿನ ಎರಡು ಮರಗಳ ನಡುವೆ ಊಟದ ಮೇಜಿನ ಕುರ್ಚಿ ತಂದು ಹಾಕಿ, ಎರಡು ದಿಂಬು ಇಟ್ಟು, ಶಾಲು ಹೊದಿಸಿ ಕೂರಿಸಿದ್ದೆ. ಹಿಂದಿನ ವರ್ಷದವರೆಗೆ ಅವಳೇ ಏಣಿ ಹತ್ತುತ್ತಿದ್ದಳು. ಏಣಿ ಅಲುಗದ ಹಾಗೆ ಹಿಡಿಯುವುದಷ್ಟೇ ನನ್ನ ಕೆಲಸವಾಗಿತ್ತು. ಈ ಸಲ ನಾನು ಕೊಂಬೆಯನ್ನು ಅವಳ ಮುಖದ ಮಟ್ಟಕ್ಕೆ ಬಾಗಿಸಬೇಕಾಗಿತ್ತು.

"ಜಗ್ಗಬ್ಯಾಡ, ಬಾಗಸು. ಎರಡಕ್ಕೂ ಫರಕ್ ಐತಿ," ಎಂದಳು.

"ಇಷ್ಟು ವರ್ಷ ಆತು ಅಕ್ಕಾ, ನನಗೂ ಗೊತ್ತೈತಿ."

"ಗೊತ್ತಿದ್ರ ಈ ಹೂ ಯಾಕ ಕೈಯಾಗ ಬಂತು?"

ಅವಳ ಮಡಿಲಲ್ಲಿ ಒಂದು ಕಂದುಗೆಂಪು ಹೂ ಬಿದ್ದಿತ್ತು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಧಾರವಾಡದವಳು, ಅವಳು ವಿಜಾಪುರದವಳು. ಲಂಡನ್ನಿನ ಹ್ಯಾರೋದಲ್ಲಿ ಅಣ್ಣತಮ್ಮಂದಿರು ಸೇರಿ ತೆಗೆದುಕೊಂಡ ಮನೆಯಲ್ಲಿ ನಮ್ಮಿಬ್ಬರದು ಒಂದೇ ಅಡುಗೆಮನೆ. ಎಜ್‌ವೇರ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ನರ್ಸರಿಯಲ್ಲಿ, ಸಸಿಗಳನ್ನು ಕುಂಡಕ್ಕೆ ಬದಲಾಯಿಸುವ ಶೆಡ್ಡಿನಲ್ಲಿ, ನಮ್ಮಿಬ್ಬರದು ಒಂದೇ ಮೇಜು. ಬೆಳಗಿನಿಂದ ಸಂಜೆಯವರೆಗೆ ಎದುರುಬದುರು ನಿಂತು ಗೊಬ್ಬರದ ಮಣ್ಣು ತುಂಬುವುದು, ಸಸಿ ಇಡುವುದು, ಹೆಸರು ಮತ್ತು ತಾರೀಖಿನ ಚೀಟಿ ಚುಚ್ಚುವುದು. ಮನೆಯಲ್ಲಿ ಜಗಳವಾಡಿ ಮಾತು ಬಿಟ್ಟ ದಿನವೂ ಮೇಜು ಒಂದೇ ಆದ್ದರಿಂದ ಮಧ್ಯಾಹ್ನದೊಳಗೆ ಯಾರಾದರೂ ಒಬ್ಬರು ಚೀಟಿ ಕೇಳಲೇಬೇಕಾಗುತ್ತಿತ್ತು.

ಆ ಮರಗಳನ್ನು ಕೊಟ್ಟವರು ನರ್ಸರಿಯ ಮಾಲೀಕರು. ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಅವರು ಪಾವ್‌ಪಾವ್ ಎಂಬ ಗಿಡದ ಒಂದಿಷ್ಟು ಸಸಿ ತರಿಸಿದ್ದರು. ಇಲ್ಲಿಯ ಅಂಗಡಿಗಳಲ್ಲಿ ಕೆಲವರು ಪಪ್ಪಾಯಿಗೂ ಇದೇ ಹೆಸರು ಹೇಳುತ್ತಾರೆ. ಇದು ಅದಲ್ಲ. ಇದು ಅಮೆರಿಕದ ಕಾಡುಗಳಲ್ಲಿ ಹೊಳೆಯ ದಂಡೆಗೆ ತಾನಾಗಿ ಬೆಳೆಯುವ ಮರ. ಸೀತಾಫಲದ ಕುಲದ್ದೇ, ಆದರೆ ಹಿಮವನ್ನು ತಡೆಯುತ್ತದೆ. ಯಾರೂ ಕೊಳ್ಳಲಿಲ್ಲ. ಎಸೆಯಲು ತೆಗೆದಿಟ್ಟಿದ್ದ ಮೂರು ಸಸಿಗಳ ಚೀಟಿಯ ಮೇಲೆ ಕೊಯ್ದ ಹಣ್ಣಿನ ಚಿತ್ರವಿತ್ತು. ಎರಡು ಸಾಲು ದಪ್ಪ ಬೀಜ, ನಡುವೆ ಕೆನೆಯಂಥ ತಿರುಳು. ಅಕ್ಕ ಕೈಯೊರೆಸಿಕೊಂಡು ಆ ಚೀಟಿಯನ್ನು ಬಹಳ ಹೊತ್ತು ನೋಡಿದಳು.

"ಏ, ಇದು ಸೀತಾಫಲನ," ಎಂದಳು. "ನಮ್ಮ ಊರಾಗ ಗುಡ್ಡದ ಮ್ಯಾಲೆ ಯಾರೂ ಹಚ್ಚಲಾರದ ಬೆಳೀತಾವು. ಮುದುಕಪ್ಪನ್ನ ಕೇಳು, ಕೊಡ್ತಾನೇನು."

ಮುದುಕಪ್ಪ ಅಂದರೆ ಮಾಲೀಕರು. ಕೊಟ್ಟರು. ಮೊದಲ ಬೇಸಿಗೆಯಲ್ಲಿ ಎಳೆ ಸಸಿಗೆ ನೆರಳು ಬೇಕೆಂದು ತಿಳಿಯದೆ ಒಂದನ್ನು ಬಿಸಿಲಿಗೆ ಕಳೆದುಕೊಂಡೆವು. ಉಳಿದ ಎರಡು ಆರೇಳು ವರ್ಷ ಬರಿಯ ಎಲೆ ಬಿಟ್ಟವು. ಆಮೇಲೆ ಹೂ ಬಂದವು, ಉದುರಿದವು. ಇವಕ್ಕೆ ಜೇನು ಬರುವುದಿಲ್ಲ. ಹೂವಿಗೆ ಹಳಸಿದ ಮಾಂಸದಂಥ ಮಂದ ವಾಸನೆ. ನೊಣಗಳೇ ಕೆಲಸ ಮಾಡಬೇಕು, ಇಲ್ಲಿಯ ಏಪ್ರಿಲ್, ಮೇ ತಿಂಗಳ ಚಳಿಯಲ್ಲಿ ನೊಣವೂ ಇರುವುದಿಲ್ಲ. ಮಾಲೀಕರು ಬ್ರಷ್ ಬಳಸಲು ಕಲಿಸಿದರು. ಹೂವಿನ ನಡುವಿನ ಹಸಿರು ತುದಿ ಹೊಳೆಯುತ್ತಿದ್ದರೆ ಅದು ತೆಗೆದುಕೊಳ್ಳಲು ತಯಾರಿದೆ ಎಂದರ್ಥ. ಎರಡು ಮೂರು ದಿನ ಕಳೆದು ಅದರ ಸುತ್ತಲಿನ ಗುಂಡು ಕಂದಾಗಿ ಸಡಿಲಾಗಿ ಪರಾಗದ ಪುಡಿ ಉದುರಿದರೆ ಕೊಡಲು ತಯಾರು. ಈ ಮರದ ಪುಡಿಯನ್ನು ಆ ಮರಕ್ಕೆ, ಆ ಮರದ್ದನ್ನು ಈ ಮರಕ್ಕೆ ಮುಟ್ಟಿಸಬೇಕು. ತನ್ನ ಪುಡಿ ತನಗೆ ಹತ್ತುವುದಿಲ್ಲ.

"ಇವೂ ನಮ್ಮ ಹಿರ್ಯಾರಂಗ," ಎನ್ನುತ್ತಿದ್ದಳು ಅಕ್ಕ. "ತಮ್ಮ ಮನಿತನದಾಗ ಸಂಬಂಧ ಮಾಡೂದಿಲ್ಲ."

ಆ ಮೇ ತಿಂಗಳು ಅವಳ ಕೈ ನಡುಗುತ್ತಿತ್ತು, ಆದರೆ ಬ್ರಷ್ ಹೂವಿಗೆ ತಾಗುವ ಹೊತ್ತಿಗೆ ನಿಲ್ಲುತ್ತಿತ್ತು. ಒಂದು ಗಂಟೆಯಾದ ಮೇಲೆ ಬ್ರಷ್ಷನ್ನು ನನ್ನತ್ತ ಚಾಚಿದಳು. "ಆ ತುದೀ ಟೊಂಗಿ ನೀ ಮಾಡು. ನನಗ ಸಾಕಾತು." ಮಾಡಿದೆ. ಅವಳು ನೋಡುತ್ತಿದ್ದಳು. ತಪ್ಪು ಹುಡುಕದೆ ಅವಳು ನನ್ನ ಕೆಲಸ ನೋಡಿದ್ದು ಅದೇ ಮೊದಲು.

ಜೂನ್ ನಡುವಿನಲ್ಲಿ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ನರ್ಸರಿಯಲ್ಲಿ ರಜೆಯ ಅರ್ಜಿ ತುಂಬುವಾಗ ಸಂಬಂಧ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ಸಿಸ್ಟರ್ ಎಂದು ಬರೆದೆ. ಮಾಲೀಕರು ನೋಡಿ ಸಹಿ ಹಾಕಿದರು.

ಮರಗಳಲ್ಲಿ ಹತ್ತೊಂಬತ್ತು ಕಾಯಿ ನಿಂತವು. ಎಲ್ಲವೂ ಅವಳು ಮುಟ್ಟಿದ ಕೊಂಬೆಗಳಲ್ಲಿ. ನಾನು ಮಾಡಿದ ತುದಿಯ ಕೊಂಬೆಯಲ್ಲಿ ಒಂದೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಊಟ ಮುಗಿದ ಮೇಲೆ ಭಾವ, ಅಂದರೆ ಅಕ್ಕನ ಗಂಡ, ತಟ್ಟೆಯನ್ನು ಎತ್ತದೆ ಕೂತೇ ಇದ್ದರು. ಆಮೇಲೆ ನನ್ನ ಗಂಡನ ಕಡೆ ನೋಡದೆ ನನಗೆ ಹೇಳಿದರು.

"ಯವ್ವಾ, ಈ ಮನಿ ಮಾರಿಬಿಡೂನು. ಬ್ಯಾಸಗಿಯೊಳಗ. ನನಗ ಆ ಅಡಗಿಮನಿ ಬಾಗಲಾ ದಾಟಾಕ ಆಗವಲ್ದು."

ನನಗೂ ಆಗುತ್ತಿರಲಿಲ್ಲ. ಕೊಲಿಂಡೇಲ್‌ನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಕಟ್ಟಡದಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ನೋಡಿದ್ದಾಯಿತು. ಹಿತ್ತಿಲಿಲ್ಲ, ಎರಡು ಕುರ್ಚಿ ಹಿಡಿಯುವ ಬಾಲ್ಕನಿ. ಮರಗಳನ್ನು ಕಿತ್ತು ಒಯ್ಯಬಹುದೇ ಎಂದು ಮಾಲೀಕರನ್ನು ಕೇಳಿದೆ. ಆಗದೆಂದು ತಲೆಯಾಡಿಸಿದರು. ಇದರ ತಾಯಿಬೇರು ನೇರ ಕೆಳಗೆ ಇಳಿದಿರುತ್ತದೆ, ಇಷ್ಟು ದೊಡ್ಡದನ್ನು ಕಿತ್ತರೆ ಬದುಕುವುದಿಲ್ಲ, ಬೀಜದಿಂದಲೇ ಬೆಳೆಸಿಕೋ ಎಂದರು. ಹೇಗೆ ಎಂದು ನಾನು ಕೇಳಲಿಲ್ಲ. ಬೀಜ ಹೇಗೆ ಕಾಯ್ದಿಡುವುದೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ಈ ಹಣ್ಣು ಮಾಗಿದ್ದು ಬಣ್ಣದಿಂದ ತಿಳಿಯುವುದಿಲ್ಲ. ಹಸಿರು ಒಂಚೂರು ಹಳದಿಗೆ ತಿರುಗುತ್ತದೆ, ಅಷ್ಟೇ. ಅಂಗೈಯಲ್ಲಿ ತೂಗಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಒತ್ತಿದ್ದು ಮಗುವಿನ ಕೆನ್ನೆಯ ಹಾಗೆ ಒಳಗೆ ಹೋಗಿ ಮರಳಿ ಬಂದರೆ ಸರಿ. ಕೊಂಚ ತಿರುವಿದರೆ ತಾನೇ ಕೈಗೆ ಬರುತ್ತದೆ. ತಿರುವಿದರೂ ಬರದಿದ್ದರೆ ಬಿಟ್ಟುಬಿಡಬೇಕು, ಎಳೆದು ಕಿತ್ತದ್ದು ಒಳಗೆ ಮಾಗದೆ ಕಹಿಯಾಗುತ್ತದೆ. ಅಕ್ಟೋಬರಿನ ಮೊದಲ ಎರಡು ವಾರ ದಿನಕ್ಕೆ ಎರಡು ಸಲ ಒಂದೊಂದನ್ನೂ ಮುಟ್ಟಿ ನೋಡಿದೆ. ನಾಲ್ಕನ್ನು ನರಿ ಮತ್ತು ಅಳಿಲು ತಿಂದವು. ಹದಿನೈದು ನನ್ನ ಕೈಗೆ ಬಂದವು.

ಮೊದಲ ಹಣ್ಣನ್ನು ಅಕ್ಕನ ಫೋಟೋದ ಮುಂದೆ ಇಟ್ಟೆ. ಮೂರು ಒಳ್ಳೆಯ ಹಣ್ಣನ್ನು ಆರಿಸಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟೆ. ಅವು ಅಕ್ಕನ ಮಗಳ ಪಾಲು. ಅವಳು ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಳು, ಒಬ್ಬಳೇ ಮಗಳು. ಅವ್ವನ ಮಣ್ಣಾದ ಮೇಲೆ ಆ ಮನೆಗೆ ಬಂದಿರಲಿಲ್ಲ. ಫೋನಿನಲ್ಲಿ ಹೇಳಿದೆ: "ನಿಮ್ಮವ್ವ ಕೂಡಿಸಿದ ಹಣ್ಣವು. ಯಾವಾಗ ಬರ್ತಿ?"

"ಸೂನ್, ಚಿಗವ್ವಾ. ಕೀಪ್ ದೆಮ್ ಫಾರ್ ಮಿ," ಎಂದಳು.

ಉಳಿದ ಹಣ್ಣುಗಳನ್ನು ಮುಂದಿನ ಜೂನ್‌ವರೆಗೆ ಕಾಯ್ದಿಡಬೇಕೆಂಬುದು ನನ್ನ ಮನಸ್ಸಿನಲ್ಲಿತ್ತು. ವರ್ಷದ ದಿನ ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮಲ್ಲಿ ರೂಢಿ. ಆದರೆ ಈ ಹಣ್ಣು ಹೊರಗಿಟ್ಟರೆ ಮೂರು ದಿನವೂ ತಡೆಯುವುದಿಲ್ಲ. ಮೊದಲು ಒಂದಿಷ್ಟು ತಿರುಳಿಗೆ ಸಕ್ಕರೆ ಹಾಕಿ ಹಲ್ವಾದ ಹಾಗೆ ಕಾಯಿಸಿದೆ. ಒಲೆಯ ಮೇಲೆ ಅದರ ಘಮವೆಲ್ಲ ಹೋಗಿ, ಕಂದಾಗಿ, ನಾಲಿಗೆಗೆ ಒಗರು ಹತ್ತಿತು. ಎಸೆದೆ. ಆಮೇಲೆ ಮಾವಿನಹಣ್ಣಿನ ರಸ ಒಣಗಿಸುವ ಹಾಗೆ ಎಣ್ಣೆ ಸವರಿದ ತಟ್ಟೆಯಲ್ಲಿ ತೆಳುವಾಗಿ ಹರಡಿ, ರೇಡಿಯೇಟರ್ ಮೇಲೆ ನಾಲ್ಕು ದಿನ ಇಟ್ಟು ಹಪ್ಪಳದಂತೆ ಎಬ್ಬಿಸಿದೆ. ನೋಡಲು ಚೆನ್ನಾಗಿಯೇ ಬಂದಿತ್ತು. ಭಾವ ಒಂದು ತುಂಡು ತಿಂದು ತಲೆಯಾಡಿಸಿದರು, ಇನ್ನೊಂದು ಕೇಳಿದರು. ಜೂನ್ ನಂತರ ಅವರು ಏನನ್ನಾದರೂ ಎರಡನೇ ಸಲ ಕೇಳಿದ್ದು ಅದೊಂದೇ. ಎರಡು ಗಂಟೆಯಲ್ಲಿ ಅವರಿಗೂ ನನಗೂ ಹೊಟ್ಟೆ ತೊಳಸಿ ವಾಂತಿಯಾಯಿತು. ಒಣಗಿಸಿದ ಪಾವ್‌ಪಾವ್ ಹೊಟ್ಟೆಗೆ ಆಗಿಬರುವುದಿಲ್ಲವೆಂದು ಮಾಲೀಕರು ಹೇಳಿದ್ದು ಮಾರನೆಯ ದಿನ.

ಬಚ್ಚಲಿನ ಬಾಗಿಲಿಗೆ ಒರಗಿ ನಿಂತು ಭಾವ ಹೇಳಿದರು, "ಸಾಕ ಬಿಡವ್ವಾ. ಆಕೀನ ಹೋದ್ಲು, ಆಕಿ ಹಣ್ಣೂ ಹೋಗ್ಲಿ." ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಆಮೇಲೆ ಅವರು ಆ ಹಣ್ಣನ್ನು ಮುಟ್ಟಲಿಲ್ಲ.

ಕೊನೆಗೆ ಉಳಿದ ಏಳು ಹಣ್ಣುಗಳ ಸಿಪ್ಪೆ ಸುಲಿದು, ಬೀಜ ಬಿಡಿಸಿ, ತಿರುಳನ್ನು ಹಸಿಯಾಗಿಯೇ ಎರಡು ಡಬ್ಬಿಗೆ ಒತ್ತಿ ತುಂಬಿ ಫ್ರೀಜರಿಗೆ ಹಾಕಿದೆ. ಅದೊಂದೇ ದಾರಿ ಸರಿಯಿತ್ತು.

ಇನ್ನು ಬೀಜ. ಅಕ್ಕ ಪ್ರತಿ ಚಳಿಗಾಲದ ಮುಂಚೆ ಹಿತ್ತಿಲ ಮೂಲೆಯಲ್ಲಿ ಒಣ ಕಡ್ಡಿ ಸುಟ್ಟು, ಬೂದಿಯನ್ನು ಸೋಸಿ, ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಹೀರೆ, ಅವರೆ, ಮೆಂತ್ಯ, ಏನೇ ಇರಲಿ, ಬೀಜ ತೊಳೆದು, ಒಣಗಿಸಿ, ಬೂದಿ ಸವರಿ, ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸಿನೀರಿನ ಟ್ಯಾಂಕು ಇರುವ ಬೀರುವಿನಲ್ಲಿ ನೇತುಹಾಕುವುದು. ನನ್ನ ತವರಿನಲ್ಲೂ ಹಾಗೆಯೇ ಮಾಡುತ್ತಿದ್ದರು. ನರ್ಸರಿಯಲ್ಲಿ ಬೀಜ ಪಾಕೀಟಿನಲ್ಲಿ ಬರುತ್ತಿತ್ತು, ಅಲ್ಲಿ ನಾವು ಬೀಜ ಕಾಯ್ದಿಟ್ಟದ್ದೇ ಇಲ್ಲ. ಹನ್ನೆರಡು ಹಣ್ಣಿನ ನೂರಕ್ಕೂ ಮಿಕ್ಕಿದ ಬೀಜಗಳನ್ನು ತೊಳೆದು, ಮೊರದಲ್ಲಿ ಹರಡಿ, ಬಿಸಿಲಿಲ್ಲದ್ದರಿಂದ ರೇಡಿಯೇಟರ್ ಪಕ್ಕ ಒಂದು ವಾರ ಒಣಗಿಸಿದೆ. ಡಬ್ಬಿಯ ತಳದಲ್ಲಿ ಅಕ್ಕ ಹಿಂದಿನ ವರ್ಷ ಸೋಸಿಟ್ಟ ಬೂದಿ ಎರಡು ಹಿಡಿ ಉಳಿದಿತ್ತು. ಅದೆಲ್ಲವನ್ನೂ ಸವರಿದೆ. ಅವಳದೇ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದೆ. ಜೂನ್ ನಂತರ ಆ ದಿನವೇ ನನಗೆ ಚೆನ್ನಾಗಿ ನಿದ್ದೆ ಬಂದದ್ದು.

ಡಿಸೆಂಬರ್ ನಡುವಿನಲ್ಲಿ ಗಂಟನ್ನು ನರ್ಸರಿಗೆ ಒಯ್ದೆ. ಕೆಳಗಿನಿಂದ ಬಿಸಿ ಕೊಡುವ ಮೇಜಿನಲ್ಲಿ ಸ್ವಲ್ಪ ಜಾಗ ಕೇಳಬೇಕಾಗಿತ್ತು. ಮಾಲೀಕರು ಗಂಟು ಬಿಚ್ಚಿ ಒಂದು ಬೀಜ ತೆಗೆದುಕೊಂಡರು. ಅಂಗೈಯಲ್ಲಿ ತೂಗಿದರು. ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಏನೋ ಕಟಕಟ ಎಂದಿತು.

"ಇದನ್ನು ಒಣಗಿಸಿದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೌದು. ಒಂದು ವಾರ. ಬೂದಿ ಹಾಕಿ. ಅವಳು ಎಲ್ಲ ಬೀಜವನ್ನೂ ಹೀಗೆಯೇ ಇಡುತ್ತಿದ್ದಳು."

ಅವರು ಕಸಿ ಕಟ್ಟುವ ಚಾಕು ತೆಗೆದು ಬೀಜವನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ತಿರುಳು ಸುರುಟಿ, ಬಣ್ಣಗೆಟ್ಟು, ಸಿಪ್ಪೆಯಿಂದ ಬಿಟ್ಟು ನಿಂತಿತ್ತು. ಇನ್ನೊಂದು ಸೀಳಿದರು. ಮತ್ತೊಂದು. ಆರು ಸೀಳಿದ ಮೇಲೆ ಚಾಕು ಮಡಚಿದರು. ಬೀಜಗಳಲ್ಲಿ ಎರಡು ಬಗೆ ಇವೆ ಎಂದರು. ಒಣಗಿಸಿದರೆ ಮಲಗುವಂಥವು, ಒಣಗಿಸಿದರೆ ಸಾಯುವಂಥವು. ಇದು ಎರಡನೆಯದು. ಹಣ್ಣಿನಿಂದ ಬಿಡಿಸಿದ ದಿನದಿಂದಲೇ ಒದ್ದೆಯಾಗಿ, ತಣ್ಣಗೆ, ಮೂರು ತಿಂಗಳಿಗಿಂತ ಹೆಚ್ಚು ಇಡಬೇಕು. ಕಾಡಿನಲ್ಲಿ ಒದ್ದೆ ಎಲೆಯ ಕೆಳಗೆ ಚಳಿಗಾಲ ಕಳೆಯುವ ಹಾಗೆ.

"ಅವರೆಕಾಳಾಗಿದ್ದರೆ ನೀವು ಮಾಡಿದ್ದೇ ಸರಿ," ಎಂದು ಮೆಲ್ಲಗೆ ಸೇರಿಸಿದರು.

ನಾನು ಗಂಟನ್ನು ಮತ್ತೆ ಕಟ್ಟಿದೆ. ಕಟ್ಟುವುದರಲ್ಲಿ ಅರ್ಥವಿರಲಿಲ್ಲ, ಆದರೂ ಕಟ್ಟಿದೆ. ಅವಳ ಕೈ ಕೂಡಿಸಿದ್ದನ್ನು ಅವಳ ಬೂದಿಯಿಂದಲೇ ಕೊಂದಿದ್ದೆ. ಮುಂದಿನ ಶರತ್ಕಾಲಕ್ಕೆ ಮರಗಳಿರುವುದಿಲ್ಲ. ಮನೆ ಕೊಳ್ಳುವವರು ಹಿತ್ತಿಲಿಗೆ ಕೋಣೆ ಹೆಚ್ಚಿಸುವ ನಕ್ಷೆಯನ್ನು ಆಗಲೇ ಕೌನ್ಸಿಲ್‌ಗೆ ಕೊಟ್ಟಿದ್ದರು.

"ಹಣ್ಣು ಒಂದೂ ಉಳಿದಿಲ್ಲವೇ?" ಎಂದು ಮಾಲೀಕರು ಕೇಳಿದರು.

ಆಗ ಅಕ್ಕನ ಮಗಳ ಪಾಲಿನ ಡಬ್ಬಿಯ ನೆನಪಾಯಿತು. ಮಗಳು ಬಂದಿರಲಿಲ್ಲ. ಮೂರು ಹಣ್ಣು ಎರಡು ತಿಂಗಳಿಂದ ಅಲ್ಲೇ ಇದ್ದವು. ಮಸಿಯ ಹಾಗೆ ಕಪ್ಪಾಗಿದ್ದವು. ನನ್ನ ಗಂಡ ಎರಡು ಸಲ ಎಸೆಯಲು ಹೋಗಿದ್ದರು, ನಾನು ಬಿಟ್ಟಿರಲಿಲ್ಲ. ಮಾಲೀಕರಿಗೆ ಹೇಳಿದೆ.

"ಫ್ರಿಜ್ಜಿನಲ್ಲೋ, ಫ್ರೀಜರಿನಲ್ಲೋ?"

"ಫ್ರಿಜ್ಜಿನಲ್ಲಿ."

"ಫ್ರೀಜರಿನಲ್ಲಿಟ್ಟಿದ್ದರೆ ಅವೂ ಸತ್ತಿರುತ್ತಿದ್ದವು. ಈ ವಾರವೇ ಬಿಡಿಸಿ. ತಿರುಳು ಕೊಳೆತರೆ ಬೂಸ್ಟು ಬೀಜಕ್ಕೂ ಇಳಿಯುತ್ತದೆ."

ಅಂದು ಸಂಜೆ ಲೀಡ್ಸ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಮಗಳು, "ಐ ಆಮ್ ಕಮಿಂಗ್ ಅಟ್ ಕ್ರಿಸ್‌ಮಸ್. ಪ್ಲೀಸ್, ಚಿಗವ್ವಾ, ಡೋಂಟ್ ಓಪನ್ ದೆಮ್ ಬಿಫೋರ್ ದಟ್," ಎಂದಳು. "ದೇ ಆರ್ ಮೈನ್."

"ನಿನ್ನವ ಅದಾವು. ಆದ್ರ ಕೆಟ್ಟು ಹೋಗಾಕತ್ತಾವು, ನನ ಮಗಳ."

"ಟೆನ್ ಡೇಸ್. ಜಸ್ಟ್ ಟೆನ್ ಡೇಸ್."

ಆಗಲಿ ಎಂದೆ. ಮೂರು ದಿನ ಕಾದೆ. ಶನಿವಾರ ಬೆಳಿಗ್ಗೆ ಮುಚ್ಚಳ ಎತ್ತಿ ನೋಡಿದಾಗ ಒಂದು ಹಣ್ಣಿನ ತೊಟ್ಟಿನ ಬಳಿ ಬಿಳಿಯ ಬೂಸ್ಟು ನೂಲಿನಂತೆ ಎದ್ದಿತ್ತು. ಡಬ್ಬಿಯನ್ನು ಮುಚ್ಚಿ ಮತ್ತೆ ಒಳಗಿಟ್ಟೆ. ಚಹಾ ಮಾಡಿಕೊಂಡೆ. ಕುಡಿಯಲಿಲ್ಲ. ಮಾತು ಕೊಟ್ಟಿದ್ದೆ, ಅವಳು ಅವ್ವನನ್ನು ಕಳೆದುಕೊಂಡವಳು. ಕಾದರೆ ಅವಳ ಪಾಲು ಅವಳಿಗೆ ಉಳಿಯುತ್ತದೆ, ಬೀಜ ಉಳಿಯುತ್ತದೋ ಇಲ್ಲವೋ. ಅಕ್ಕ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸಲು ಹೋಗಿ ನಿಲ್ಲಿಸಿದೆ. ಅಕ್ಕ ಇದ್ದಿದ್ದರೆ ಬೂದಿ ಸವರುತ್ತಿದ್ದಳು. ಇದನ್ನು ನಾನೇ ನಿರ್ಧರಿಸಬೇಕಾಗಿತ್ತು.

ಮೂರನ್ನೂ ಬಿಡಿಸಿದೆ. ಹುಳಿತ ವಾಸನೆ, ಹೆಂಡದಂತೆ. ಆದರೆ ಅದರ ಅಡಿಯಲ್ಲಿ, ತೀರ ಅಡಿಯಲ್ಲಿ, ಹಣ್ಣಿನ ಘಮ ಇನ್ನೂ ಇತ್ತು. ಮೂವತ್ತೊಂದು ಬೀಜ ಸಿಕ್ಕವು. ಒಂದೊಂದಕ್ಕೂ ತಿರುಳಿನ ಒಂದು ಪೊರೆ ಅಂಟಿರುತ್ತದೆ, ಅದು ಉಳಿದರೆ ಕೊಳೆತ ಶುರುವಾಗುತ್ತದೆ. ಹಲ್ಲುಜ್ಜುವ ಬ್ರಷ್ಷಿನಿಂದ ಹರಿಯುವ ನೀರಿನಲ್ಲಿ ಎಲ್ಲವನ್ನೂ ತಿಕ್ಕಿದೆ. ಮಾಲೀಕರು ಹೇಳಿದಂತೆ ಒಂದನ್ನು ಸೀಳಿ ನೋಡಿದೆ. ಒಳಗೆ ಮೇಣದಂಥ ಬಿಳಿ, ಅದರಲ್ಲಿ ಕಂದು ಗೆರೆಗಳು. ಗಟ್ಟಿಯಾಗಿ, ಸಿಪ್ಪೆಗೆ ಹತ್ತಿ ಕೂತಿತ್ತು. ಉಳಿದ ಮೂವತ್ತನ್ನು, ನರ್ಸರಿಯಿಂದ ತಂದು ನೀರಿನಲ್ಲಿ ನೆನೆಸಿ ಬಿಗಿಯಾಗಿ ಹಿಂಡಿದ ಒಣಪಾಚಿಯಲ್ಲಿ ಹುದುಗಿಸಿ, ಗಾಜಿನ ಭರಣಿಗೆ ತುಂಬಿ, ತಾರೀಖಿನ ಚೀಟಿ ಅಂಟಿಸಿ, ಅದೇ ಖಾನೆಯಲ್ಲಿಟ್ಟೆ. ಕಪ್ಪು ಸಿಪ್ಪೆಗಳನ್ನು ಹಿತ್ತಿಲ ಗೊಬ್ಬರದ ಗುಂಡಿಗೆ ಹಾಕಿದೆ.

ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಮಗಳು ಬಂದಳು. ಕೋಟು ತೆಗೆಯದೆ ಫ್ರಿಜ್ಜು ತೆರೆದಳು.

"ಯೂ ಓಪನ್ಡ್ ದೆಮ್."

ನಾನು ಭರಣಿ ತೋರಿಸಿದೆ. "ಇದರಾಗ ಅದಾವು ನೋಡು. ಜೀವಂತ ಅದಾವು."

"ದೀಸ್ ಆರ್ ಸೀಡ್ಸ್ ಇನ್ ಎ ಜಾರ್, ಚಿಗವ್ವಾ. ಐ ವಾಂಟೆಡ್ ಟು ಸ್ಮೆಲ್ ಒನ್. ದಟ್ಸ್ ಆಲ್ ಐ ವಾಂಟೆಡ್."

ಸಿಪ್ಪೆ ಎಲ್ಲಿ ಎಂದು ಕೇಳಿದಳು. ಹೇಳಿದೆ. ಹೊರಗೆ ಹೋಗಿ ಗೊಬ್ಬರದ ಗುಂಡಿಯ ಪಕ್ಕ ನಿಂತಳು. ಮಂಜು ಗಟ್ಟಿಯಾಗಿ ಬಿದ್ದಿತ್ತು, ಅಲ್ಲಿ ಯಾವ ವಾಸನೆಯೂ ಇದ್ದಿರಲಾರದು. ಭಾವ ಕಿಟಕಿಯಿಂದ ನೋಡಿದರು, ನನ್ನನ್ನೂ ನೋಡಿದರು, ಟಿವಿ ಹಾಕಿದರು. ಆ ಸಲ ಅವಳು ನನ್ನೊಡನೆ ಹೆಚ್ಚು ಮಾತಾಡದೆ ಹೋದಳು. ಅವಳದು ತಪ್ಪೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಫೆಬ್ರವರಿ ಮೊದಲ ವಾರ ಬಿತ್ತಿದೆವು. ಈ ಗಿಡಕ್ಕೆ ಸಾಮಾನ್ಯ ಕುಂಡ ಆಗುವುದಿಲ್ಲ, ಬೇರು ತಳ ಮುಟ್ಟಿದರೆ ಸೊಟ್ಟಗಾಗುತ್ತದೆ. ಮಾಲೀಕರು ಮಳೆನೀರಿನ ಹಳೆಯ ಪ್ಲಾಸ್ಟಿಕ್ ಪೈಪನ್ನು ಒಂದೊಂದು ಮೊಳದ ತುಂಡು ಮಾಡಿಕೊಟ್ಟರು. ತಳಕ್ಕೆ ಜಾಲರಿ ಕಟ್ಟಿ, ಮಣ್ಣು ತುಂಬಿ, ಬೀಜವನ್ನು ಅಡ್ಡಡ್ಡ ಮಲಗಿಸಿ ಒಂದು ಅಂಗುಲ ಮುಚ್ಚಿದೆ. ಮೂವತ್ತು ಪೈಪು, ಮೂವತ್ತು ಚೀಟಿ. ಮೇಜಿನ ಎದುರುಬದಿ ಖಾಲಿ ಇತ್ತು. ಆ ಜಾಗಕ್ಕೆ ಬೇರೆಯವರನ್ನು ಮಾಲೀಕರು ಹಾಕಿರಲಿಲ್ಲ. ಚೀಟಿಗಳನ್ನು ನಾನೇ ಸುತ್ತಿ ಹೋಗಿ ತಂದುಕೊಳ್ಳುತ್ತಿದ್ದೆ.

ಮಾರ್ಚ್ ಹೋಯಿತು. ಏಪ್ರಿಲ್ ಅರ್ಧ ಹೋಯಿತು. ಮಣ್ಣಿನ ಮೇಲೆ ಏನೂ ಕಾಣಲಿಲ್ಲ. ಬೇರು ಮೊದಲು, ಚಿಗುರು ಎರಡು ಮೂರು ತಿಂಗಳ ಮೇಲೆ ಎಂದು ಮಾಲೀಕರು ಹೇಳಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಒಂದು ಪೈಪಿನ ಮಣ್ಣನ್ನು ಬೆರಳಿನಿಂದ ಸರಿಸಿ ಬೀಜವನ್ನು ಎತ್ತಲು ಹೋದೆ. ಅದು ಬರಲಿಲ್ಲ. ಇನ್ನೊಂಚೂರು ಎತ್ತಿದೆ. ಟಕ್ ಎಂದಿತು. ಬೀಜದ ಬಾಯಿಯಿಂದ ಬೆಳ್ಳಗಿನ ದಪ್ಪ ಬೇರು ಆಗಲೇ ಗೇಣುದ್ದ ಇಳಿದಿತ್ತು, ಮುರಿದದ್ದು ನನ್ನ ಕೈಯಲ್ಲಿತ್ತು. ಜಗ್ಗಬ್ಯಾಡ ಎಂಬ ಮಾತು ಕಿವಿಯಲ್ಲಿ ಕೇಳಿತು. ಮಣ್ಣು ಮುಚ್ಚಿ, ಕೈ ತೊಳೆದು, ಉಳಿದ ಕೆಲಸಕ್ಕೆ ಹೋದೆ. ಮತ್ತೆ ಯಾವುದನ್ನೂ ಮುಟ್ಟಲಿಲ್ಲ.

ಮನೆಯ ಕೀಲಿ ಒಪ್ಪಿಸುವ ದಿನ ಮೇ ಎರಡನೇ ವಾರಕ್ಕೆ ಬಂತು. ಮರಗಳು ತಡವಾಗಿ, ಆದರೆ ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟಿದ್ದವು. ಸಾಮಾನಿನ ವ್ಯಾನು ಬಾಗಿಲಲ್ಲಿ ನಿಂತಿದ್ದಾಗ ನಾನು ಅಕ್ಕನ ಬ್ರಷ್ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ನನ್ನ ಗಂಡ ಹಿಂದಿನಿಂದ ಬಂದರು.

"ಯಾರ ಸಲುವಾಗಿ ಮಾಡಾಕತ್ತಿ? ಅವರು ಕಡಿಯೂದು ಗ್ಯಾರಂಟಿ ಐತಿ."

"ಹತ್ತು ನಿಮಿಷ ತಡೀರಿ," ಎಂದೆ.

ತುದಿಯ ಕೊಂಬೆಯಿಂದ ಶುರು ಮಾಡಿದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು, ಬಂದು ಕೊಂಬೆ ಬಾಗಿಸಿ ಹಿಡಿದರು.

ಜೂನ್ ಮೊದಲ ವಾರ ಹಳೆಯ ಪಕ್ಕದ ಮನೆಯ ಗುಜರಾತಿ ಹೆಂಗಸು ಫೋನ್ ಮಾಡಿ, ಕೆಲಸದವರು ಬಂದರು, ಮೊದಲು ಮರಗಳನ್ನೇ ತೆಗೆದರು ಎಂದಳು. ಕೊಂಬೆಗಳಲ್ಲಿ ಕಾಯಿ ಕಟ್ಟಿದ್ದವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಅದೇ ವಾರ ನರ್ಸರಿಯಲ್ಲಿ ಮೊದಲ ಪೈಪಿನ ಮಣ್ಣು ಬಿರಿದಿತ್ತು. ಕಂದು ಬಣ್ಣದ ಕೊಕ್ಕೆಯೊಂದು, ತಲೆ ತಗ್ಗಿಸಿಕೊಂಡು, ಬೀಜದ ಸಿಪ್ಪೆಯನ್ನು ಬಿಡಿಸಿಕೊಳ್ಳಲಾಗದೆ ಮೇಲೆ ಬರುತ್ತಿತ್ತು. ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿದೆ. ವರ್ಷದ ದಿನದೊಳಗೆ ಹನ್ನೊಂದು ಬಂದವು. ಉಳಿದವು ಬರಲಿಲ್ಲ.

ವರ್ಷದ ಎಡೆ ಕೊಲಿಂಡೇಲ್ ಫ್ಲ್ಯಾಟಿನಲ್ಲಿ ಆಯಿತು. ಭಾವ ಈಗ ನಮ್ಮ ಜೊತೆಗೇ ಇದ್ದರು. 'ಲಿಫ್ಟಿನಾಗ ಜೀವ ಗಾಬರಿ ಆಗತೈತಿ' ಎಂದು ಮೂರೂ ಮಹಡಿ ನಡೆದೇ ಹತ್ತುತ್ತಿದ್ದರು. ಮಗಳು ಹಿಂದಿನ ದಿನವೇ ಬಂದು ನನ್ನ ಜೊತೆ ನರ್ಸರಿಗೆ ಬಂದಳು. ಹನ್ನೊಂದನ್ನೂ ನೋಡಿದಳು. ಒಂದನ್ನು ಲೀಡ್ಸ್‌ಗೆ ಒಯ್ಯುತ್ತೀಯಾ ಎಂದು ಕೇಳಿದೆ.

"ನೋ. ದೇ ನೀಡ್ ಈಚ್ ಅದರ್, ಡೋಂಟ್ ದೇ?" ಎಂದಳು. ಆಮೇಲೆ, "ಫ್ರೀಜರ್ ವುಡ್ ಹ್ಯಾವ್ ಕಿಲ್ಡ್ ದೆಮ್, ಯೂ ಸೆಡ್?" ಎಂದು ಕೇಳಿದಳು. ಹೌದು ಎಂದೆ. ಭರಣಿಯ ಬಗ್ಗೆ ಮತ್ತೆ ಮಾತು ಬರಲಿಲ್ಲ.

ಫ್ರೀಜರಿನ ತಿರುಳು ತೆಗೆದು ಕರಗಿಸಿ, ಒಲೆಗೆ ತೋರಿಸದೆ, ಹಾಲು ಸಕ್ಕರೆ ಏಲಕ್ಕಿ ಹಾಕಿ ಶೀಕರಣಿ ಮಾಡಿದೆ. ಮುಚ್ಚಳ ತೆಗೆದಾಗ ಮಗಳು ಪಕ್ಕದಲ್ಲೇ ಇದ್ದಳು. ಡಬ್ಬಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೆಯೇ ಇದ್ದಳು. ನಾನು ಸಕ್ಕರೆಯ ಡಬ್ಬಿ ಹುಡುಕುವವಳ ಹಾಗೆ ಆ ಕಡೆ ತಿರುಗಿದೆ.

ಎಡೆ ಹಿಡಿದ ಮೇಲೆ ಊಟಕ್ಕೆ ಕೂತೆವು. ಭಾವನ ತಟ್ಟೆಗೆ ಶೀಕರಣಿ ಬಡಿಸಲೋ ಬೇಡವೋ ಎಂದು ಸೌಟು ಹಿಡಿದು ನಿಂತೆ. ಹಪ್ಪಳದ ದಿನದಿಂದ ಅವರು ಆ ಹಣ್ಣಿನ ಹೆಸರು ತೆಗೆದಿರಲಿಲ್ಲ.

"ಹಾಕವ್ವಾ," ಎಂದರು. "ಆಕಿ ಎಡಿ ಐತಿ."

ಎರಡು ತುತ್ತು ತಿಂದರು. ಮೂರನೆಯದಕ್ಕೆ ಬಾಯಿ ನಿಲ್ಲಿಸಿದರು. ಬೆರಳಿಟ್ಟು ನಾಲಿಗೆಯ ಮೇಲಿನಿಂದ ಒಂದು ಬೀಜ ತೆಗೆದರು. ತಿರುಳು ತುಂಬುವಾಗ ನನ್ನ ಕಣ್ಣು ತಪ್ಪಿ ಉಳಿದ ಒಂದೇ ಬೀಜ. ಅವರು ಊಟ ಬಿಟ್ಟು ಎದ್ದರು. ನಲ್ಲಿಯ ಕೆಳಗೆ ಅದನ್ನು ತೊಳೆದರು, ಪೊರೆ ಹೋಗುವ ಹಾಗೆ ಉಗುರಿನಿಂದ ಮೆಲ್ಲಗೆ ಕೆರೆದರು. ಕಾಗದದ ಕರವಸ್ತ್ರವನ್ನು ಒದ್ದೆ ಮಾಡಿ ಹಿಂಡಿ, ಅದರಲ್ಲಿ ಬೀಜವನ್ನು ಸುತ್ತಿ ನನ್ನ ಅಂಗೈಯಲ್ಲಿಟ್ಟರು. ನಾನು ಫೋನಿನಲ್ಲಿ ಆಡಿದ್ದು, ಅಡುಗೆಮನೆಯಲ್ಲಿ ಆಡಿದ್ದು, ಎಲ್ಲವನ್ನೂ ಅವರು ಟಿವಿಯ ಮುಂದೆ ಕೂತು ಕೇಳಿಸಿಕೊಂಡಿದ್ದರು. ಒಂದನ್ನು ಬಿಟ್ಟು.

"ಇದನ್ನ ಒಣಗಸಬ್ಯಾಡವ್ವಾ," ಎಂದರು. "ಬೂದಿ ಹಚ್ಚಬ್ಯಾಡ. ಇದು ಹನ್ನೆರಡನೇದು ಆಗ್ತೈತಿ."

ಎಂಟು ತಿಂಗಳು ಫ್ರೀಜರಿನಲ್ಲಿದ್ದ ಬೀಜ. ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಬಾಯಿ ತೆರೆದಳು. ನಾನು ಅವಳನ್ನೇ ನೋಡಿದೆ.

"ಹೂಂ ಅಪ್ಪಾ," ಎಂದಳು ಕನ್ನಡದಲ್ಲಿ. "ಚಿಗವ್ವ ಹಚ್ತಾಳ."

ಸೋಮವಾರ ಒಂದು ಪೈಪಿಗೆ ಹೊಸ ಮಣ್ಣು ತುಂಬಿ ಆ ಬೀಜವನ್ನು ಅಡ್ಡಡ್ಡ ಮಲಗಿಸಿ ಮುಚ್ಚಿದೆ. ಹೆಸರು, ತಾರೀಖು ಬರೆದು ಚೀಟಿ ಚುಚ್ಚಿ, ಹನ್ನೊಂದರ ಸಾಲಿನ ಕೊನೆಗೆ ಇಟ್ಟೆ. ಮಾಲೀಕರು ದಾಟಿ ಹೋಗುವಾಗ ನಿಂತು, "ಇದು ಎಲ್ಲಿಯದು?" ಎಂದರು. ಹೇಳಿದೆ. ಆ ಪೈಪು ಸಾಲಿನಿಂದ ತುಸು ಹೊರಗಿತ್ತು. ಅದನ್ನು ಸರಿಸಿ ಉಳಿದವುಗಳ ನೇರಕ್ಕೆ ತಂದಿಟ್ಟು ಹೋದರು.

ಈಗ ಹನ್ನೊಂದಕ್ಕೆ ನೀರು ಹಾಕುವಾಗ ಹನ್ನೆರಡನೆಯದಕ್ಕೂ ಹಾಕುತ್ತೇನೆ. ಭಾವ ಪ್ರತಿ ಭಾನುವಾರ ಊಟವಾದ ಮೇಲೆ ಕೇಳುತ್ತಾರೆ, "ನಂದು ಎದ್ದೈತೇನವ್ವಾ?"

"ಇನ್ನೂ ಇಲ್ಲ ಭಾವಾರ," ಎನ್ನುತ್ತೇನೆ. "ಇದು ಮೊದಲ ಕೆಳಗ ಹೋಗ್ತೈತಿ."